ಪೈಲಟ್ ತರಬೇತಿ ಶಾಲೆ: ಶುಲ್ಕಕ್ಕೂ ಮೊದಲು ಹಾರಾಟದ ಗಂಟೆಗಳ ಲೆಕ್ಕ ಕೇಳಿ

ಪ್ರಶ್ನೆ: ಮಗಳು ಉಡುಪಿಯಲ್ಲಿ ಪಿಸಿಎಂಬಿ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಪೈಲಟ್ ಆಗಲೇಬೇಕೆಂಬುದು ಅವಳ ಹಟ. ನಮ್ಮದು ಮೀನಿನ ವ್ಯಾಪಾರ. ಒಂದು ಬೋಟಿನಲ್ಲಿ ಪಾಲೂ ಇದೆ. ಮಂಗಳೂರಿನ ಏಜೆಂಟರೊಬ್ಬರು ಹೊರರಾಜ್ಯದ ಶಾಲೆಯೊಂದರಲ್ಲಿ ಸೀಟು ಕೊಡಿಸುವುದಾಗಿಯೂ, ಹದಿನಾಲ್ಕು ತಿಂಗಳಲ್ಲಿ ಲೈಸೆನ್ಸ್ ಖಚಿತವೆಂದೂ, ಪೂರ್ತಿ ಹಣವನ್ನು ಒಮ್ಮೆಲೇ ಕಟ್ಟಿದರೆ 3 ಲಕ್ಷ ರೂಪಾಯಿ ರಿಯಾಯಿತಿಯೆಂದೂ ಹೇಳುತ್ತಿದ್ದಾರೆ. ಅಮೆರಿಕಕ್ಕೆ ಕಳುಹಿಸುವುದೇ ಒಳ್ಳೆಯದು ಎನ್ನುವವರೂ ಇದ್ದಾರೆ. ಮಗಳಿಗೆ ಕನ್ನಡಕವಿದೆ. ಶಾಲೆಯನ್ನು ಆರಿಸುವುದು ಹೇಗೆ?
— ಓದುಗರು, ಮಲ್ಪೆ

ಉತ್ತರ: ಶಾಲೆಯ ಮಾತಿಗಿಂತ ಮೊದಲು ವೈದ್ಯಕೀಯ ತಪಾಸಣೆಯ ಮಾತು. ಹಾರಾಟ ಕಲಿಯಲು ಆರಂಭಿಸುವುದಕ್ಕೆ ಕ್ಲಾಸ್ 2 ಪ್ರಮಾಣಪತ್ರ ಸಾಕಾದರೂ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಅಂದರೆ ಸಿಪಿಎಲ್ ಪಡೆಯಲು ಕ್ಲಾಸ್ 1 ಬೇಕೇ ಬೇಕು. ಅರ್ಧ ಹಣ ಖರ್ಚಾದ ಮೇಲೆ ಕ್ಲಾಸ್ 1ರಲ್ಲಿ ಅನರ್ಹರೆಂದು ತಿಳಿದ ಮನೆಗಳ ಸಂಕಟ ಸಣ್ಣದಲ್ಲ. ಆದ್ದರಿಂದ ಯಾವ ಶಾಲೆಗೂ ಒಂದು ರೂಪಾಯಿ ಕಟ್ಟುವ ಮುನ್ನವೇ ಎರಡನ್ನೂ ಮಾಡಿಸಿಬಿಡಿ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಕ್ಲಾಸ್ 1 ತಪಾಸಣೆ ನಡೆಯುತ್ತದೆ. ಕನ್ನಡಕ ಧರಿಸಿದ ಮಾತ್ರಕ್ಕೆ ಅನರ್ಹತೆ ಬಾರದು. ಕನ್ನಡಕದೊಂದಿಗೆ ದೃಷ್ಟಿ ಸರಿಯಿದ್ದರೆ ಸಾಕು. ಬಣ್ಣಗಳನ್ನು ಗುರುತಿಸುವುದರಲ್ಲಿ ದೋಷವಿದೆಯೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಿ.

ಈಗ ಏಜೆಂಟರು ಹೇಳಿದ ಹದಿನಾಲ್ಕು ತಿಂಗಳಿಗೆ ಬರೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ ಸಿಪಿಎಲ್‌ಗೆ ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆಗಳನ್ನು ವಿಮಾನದ ಪೂರ್ಣ ಜವಾಬ್ದಾರಿ ಹೊತ್ತ ಪೈಲಟ್ ಆಗಿಯೇ ಹಾರಿಸಿರಬೇಕು, ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಕ್ರಾಸ್‌ಕಂಟ್ರಿ, ರಾತ್ರಿ ಹಾರಾಟ, ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅಭ್ಯಾಸ ಇವೆಲ್ಲಕ್ಕೂ ಪ್ರತ್ಯೇಕ ಗಂಟೆಗಳು ನಿಗದಿಯಾಗಿವೆ. ಹಾಗಾಗಿ ಶಾಲೆಯು ವಾಸ್ತವದಲ್ಲಿ ಮಾರುತ್ತಿರುವುದು ಗಂಟೆಗಳನ್ನು. ಅದು ಎಷ್ಟು ಗಂಟೆ ಕೊಡಬಲ್ಲದು ಎಂಬುದನ್ನು ನೀವೇ ಕಾಗದದ ಮೇಲೆ ಹಾಕಿ ನೋಡಬಹುದು. ಶಾಲೆಯಲ್ಲಿ 10 ವಿಮಾನಗಳಿದ್ದು, ದುರಸ್ತಿ ಮತ್ತು ತಪಾಸಣೆಗೆ ನಿಂತವನ್ನು ಕಳೆದು 7 ಹಾರಲು ಸಿದ್ಧವಿವೆ ಎನ್ನೋಣ. ಪ್ರತಿಯೊಂದೂ ದಿನಕ್ಕೆ 4 ಗಂಟೆಯಂತೆ ತಿಂಗಳಲ್ಲಿ 20 ದಿನ ಹಾರಿದರೆ ಒಟ್ಟು 560 ಗಂಟೆ. ವಿದ್ಯಾರ್ಥಿಗಳು 40 ಮಂದಿಯಾದರೆ ತಲಾ 14 ಗಂಟೆ ಸಿಗುತ್ತದೆ, ಏಜೆಂಟರ ಹದಿನಾಲ್ಕು ತಿಂಗಳು ಹೆಚ್ಚುಕಡಿಮೆ ನಿಜವಾಗುತ್ತದೆ. ವಿದ್ಯಾರ್ಥಿಗಳು 80 ಆದರೆ ತಲಾ 7 ಗಂಟೆ. ಆಗ ಎರಡು ವರ್ಷ ಮೀರಿ ಇನ್ನೂ ನಾಲ್ಕೈದು ತಿಂಗಳು ಬೇಕು. ವಿಮಾನಗಳ ಸಂಖ್ಯೆಯನ್ನು ಎಲ್ಲ ಶಾಲೆಗಳೂ ದೊಡ್ಡ ಅಕ್ಷರದಲ್ಲಿ ಹಾಕುತ್ತವೆ. ಸದ್ಯ ಹಾರುವ ಸ್ಥಿತಿಯಲ್ಲಿರುವುದು ಎಷ್ಟು, ಪ್ರತಿ ವಿಮಾನಕ್ಕೆ ವಿದ್ಯಾರ್ಥಿಗಳು ಎಷ್ಟು, ಕಳೆದ ಆರು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಸರಾಸರಿ ಎಷ್ಟು ಗಂಟೆ ಸಿಕ್ಕಿತು ಎಂಬ ಮೂರನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡಲು ಹಿಂಜರಿಯುವ ಶಾಲೆಯನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ.

ಈ ಲೆಕ್ಕದಲ್ಲಿ ವರ್ಷದ ಹನ್ನೆರಡು ತಿಂಗಳನ್ನೂ ಸಮನಾಗಿ ಹಿಡಿದಿದ್ದೇನೆ. ಅದು ತಪ್ಪೆಂದು ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ಬೋಟಿನ ಪಾಲುದಾರರು ವರ್ಷದ ಆದಾಯವನ್ನು ಹತ್ತೇ ತಿಂಗಳ ಮೇಲೆ ಹಾಕುತ್ತಾರಲ್ಲವೇ? ಹಾರಾಟದ ಶಾಲೆಗೂ ಅಂತಹ ರಜೆಯಿದೆ, ಸರ್ಕಾರದ ಆದೇಶ ಮಾತ್ರ ಇರುವುದಿಲ್ಲ. ಕಲಿಯುವವರು ಕಣ್ಣಿಗೆ ಕಾಣುವ ನೆಲ ಮತ್ತು ದಿಗಂತವನ್ನು ನಂಬಿ ಹಾರುವುದರಿಂದ ಗೋಚರತೆ 5 ಕಿಲೋಮೀಟರಿಗಿಂತ ಕಡಿಮೆಯಾದರೆ ಅಥವಾ ಮೋಡ ತೀರ ಕೆಳಗಿಳಿದರೆ ವಿಮಾನ ಮೇಲೇಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ವಾರಗಟ್ಟಲೆ ಸಾಗೀತು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಹೆಸರಾಂತ ಸರ್ಕಾರಿ ಸಂಸ್ಥೆಯೇ ಆದರೂ, ಆ ಬಯಲಿನಲ್ಲಿ ಡಿಸೆಂಬರ್‌–ಜನವರಿಯ ಮಂಜು ಬೆಳಗಿನ ಹೊತ್ತನ್ನು ತಿನ್ನುತ್ತದೆ. ಕಲಬುರಗಿಯಂತಹ ಒಣ ಪ್ರದೇಶಕ್ಕೆ ಮಳೆಯ ಕಾಟ ಕಡಿಮೆ, ಬೇಸಿಗೆ ಮಧ್ಯಾಹ್ನದ ಬಿಸಿಗಾಳಿ ಸಣ್ಣ ವಿಮಾನವನ್ನು ಕುಲುಕಿಸುವುದು ಹೆಚ್ಚು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಷ್ಟು ಹಳೆಯದು; ಆದರೆ ಯಲಹಂಕದ ವಾಯುನೆಲೆ ಅದರ ಪಕ್ಕದಲ್ಲೇ ಇರುವುದರಿಂದ ಆಕಾಶ ಅಲ್ಲಿ ಇಕ್ಕಟ್ಟು. ಯಾವ ಊರಾದರೂ ಸರಿ, ಕಳೆದ ವರ್ಷ ಯಾವ ಯಾವ ತಿಂಗಳಲ್ಲಿ ಎಷ್ಟೆಷ್ಟು ಹಾರಾಟ ನಡೆಯಿತೆಂದು ಕೇಳದೆ ಒಪ್ಪಬೇಡಿ.

ಕಾಗದದ ಲೆಕ್ಕ ಮುಗಿದ ಮೇಲೆ ಶಾಲೆಗೆ ಹೋಗಿ ನೋಡಿ. ಬಣ್ಣ ಬಳಿದ ಹಳೆಯ ಬೋಟನ್ನು ನೀವು ಎಂಜಿನ್ ಬಿಚ್ಚಿಸದೆ ಕೊಳ್ಳುವುದಿಲ್ಲ. ಇಲ್ಲಿಯೂ ಅದೇ ಜಾಣ್ಮೆ ಸಾಕು. ಮೊದಲೇ ತಿಳಿಸಿ ಹೋದರೆ ಕಾನ್ಫರೆನ್ಸ್ ಕೋಣೆ ಮತ್ತು ಸಿಮ್ಯುಲೇಟರ್ ತೋರಿಸುತ್ತಾರೆ. ಕೆಲಸದ ದಿನವೊಂದರ ಬೆಳಿಗ್ಗೆ ಆರೂವರೆಗೆ ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ಎಷ್ಟು ವಿಮಾನ ಮೇಲೇಳುತ್ತವೆಂದು ಎರಡು ದಿನ ಎಣಿಸಿ, ಆ ಬಳಿಕ ಒಳಗೆ ಹೋಗಿ. ಹ್ಯಾಂಗರಿನಲ್ಲಿ ಎಂಜಿನ್ ಮುಚ್ಚಳ ತೆಗೆದು ಧೂಳು ಹಿಡಿದು ನಿಂತ ವಿಮಾನಗಳಿದ್ದರೆ, ಒಂದರ ಬಿಡಿಭಾಗ ಇನ್ನೊಂದಕ್ಕೆ ಹೋಗುತ್ತಿದೆಯೆಂದು ಸಂಶಯಿಸಬಹುದು. ಸಂಜೆ ಹಾಸ್ಟೆಲ್ ಬಳಿಯ ಚಹಾದಂಗಡಿಯಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಮಾತನಾಡಿಸಿ: ಮೊದಲ ಸೋಲೋ, ಅಂದರೆ ಒಬ್ಬರೇ ಹಾರಿಸುವುದು, ಎಷ್ಟು ತಿಂಗಳಿಗಾಯಿತು, ಇನ್‌ಸ್ಟ್ರಕ್ಟರ್ ಎಷ್ಟು ಬಾರಿ ಬದಲಾದರು, ಹವಾಮಾನ ಸರಿಯಿಲ್ಲವೆಂದು ಹಾರಲು ನಿರಾಕರಿಸಿದವರನ್ನು ಗದರಿದ್ದುಂಟೇ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಸುರಕ್ಷತೆಯ ಬಗ್ಗೆ ಗೋಡೆಯ ಮೇಲಿನ ಫಲಕಗಳಿಗಿಂತ ಹೆಚ್ಚು ತಿಳಿಸುತ್ತದೆ. 2025ರಿಂದ ಡಿಜಿಸಿಎ ವರ್ಷಕ್ಕೆ ಎರಡು ಬಾರಿ ಶಾಲೆಗಳಿಗೆ ಶ್ರೇಣಿ ನೀಡುವ ಕ್ರಮವನ್ನು ಆರಂಭಿಸಿದೆ. ಅದನ್ನೂ, ಶಾಲೆಗೆ ಮಾನ್ಯತೆ ಇದೆಯೇ ಎಂಬುದನ್ನೂ ಡಿಜಿಸಿಎ ಜಾಲತಾಣದಲ್ಲಿಯೇ ನೋಡಿ, ಏಜೆಂಟರ ಕಾಗದದಲ್ಲಿ ಅಲ್ಲ.

ಇನ್ನೊಂದು ಅಪಾಯವಿದೆ. ಹಾರದೆಯೇ ಲಾಗ್‌ಬುಕ್ಕಿನಲ್ಲಿ ಬರೆದುಕೊಂಡ ಹಾರಾಟಕ್ಕೆ ಈ ವೃತ್ತಿಯಲ್ಲಿ ‘ಪಾರ್ಕರ್ ಪೆನ್ನಿನ ಗಂಟೆ’ ಎಂಬ ಹಳೆಯ ಕುಹಕದ ಹೆಸರುಂಟು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಬಂಧನಕ್ಕೊಳಗಾದರು, ಶಾಲೆಗಳ ಲಾಗ್‌ಬುಕ್‌ಗಳೂ ತನಿಖೆಗೆ ಒಳಪಟ್ಟವು. ‘ಬೇಗ ಮುಗಿಸಿಕೊಡುತ್ತೇವೆ’ ಎನ್ನುವ ಮಾತಿನ ಹಿಂದೆ ಈ ಬಗೆಯ ಸೌಕರ್ಯ ಅಡಗಿದ್ದರೆ, ಸಿಕ್ಕಿಬೀಳುವುದು ಮಗಳ ಲೈಸೆನ್ಸ್.

ಹಣದ ವಿಷಯ. ದೇಶದಲ್ಲಿ ಸಿಪಿಎಲ್ ತರಬೇತಿಗೆ ಇಂದು 50 ಲಕ್ಷ ರೂಪಾಯಿಯ ಆಸುಪಾಸು ಬೀಳುತ್ತದೆ. ಏರ್‌ಬಸ್ ಅಥವಾ ಬೋಯಿಂಗ್‌ನ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನವನ್ನೇ ಹಾರಿಸಲು ಬೇಕಾದ ಅರ್ಹತೆ, ಇದಕ್ಕೆ ಹೊರತು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದ ನಾಡು ನಮ್ಮದಾದರೂ, 7.5 ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತಾರೆ. ಮರುಪಾವತಿಯ ವಿನಾಯಿತಿಯನ್ನು ಕೋರ್ಸಿನ ಘೋಷಿತ ಅವಧಿ ನೋಡಿ ಕೊಡುವುದರಿಂದ, ಹದಿನಾಲ್ಕು ತಿಂಗಳ ಕೋರ್ಸು ಇಪ್ಪತ್ತೆಂಟಕ್ಕೆ ಎಳೆದರೆ ಮಗಳು ಇನ್ನೂ ತರಬೇತಿಯಲ್ಲಿರುವಾಗಲೇ ನಿಮ್ಮ ಕಂತು ಶುರುವಾಗುತ್ತದೆ. ಒಮ್ಮೆಲೇ ಕಟ್ಟಿದ ಹಣಕ್ಕೆ ಶಾಲೆಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಹಾರಿದ ಗಂಟೆಗಳಿಗೆ ತಕ್ಕಂತೆ ಕಂತು, ಬಿಟ್ಟು ಹೋದರೆ ಹಾರದ ಗಂಟೆಗಳ ಹಣ ವಾಪಸ್, ಇಂಧನ ದರ ಏರಿದರೆ ಯಾರ ತಲೆಗೆ, ಎರಡು ಎಂಜಿನ್‌ನ ವಿಮಾನದ ತರಬೇತಿ ಅಲ್ಲಿಯೇ ಆಗುತ್ತದೆಯೇ ಅಥವಾ ಬೇರೆಡೆಗೆ ಹೋಗಬೇಕೇ, ಇವಿಷ್ಟೂ ಒಪ್ಪಂದದಲ್ಲಿ ಇರಲಿ.

ಏರ್ ನ್ಯಾವಿಗೇಶನ್, ಹವಾಮಾನ, ವಿಮಾನಯಾನ ನಿಯಮಗಳು, ತಾಂತ್ರಿಕ ವಿಷಯ ಈ ಡಿಜಿಸಿಎ ಪರೀಕ್ಷೆಗಳನ್ನೂ ಸಿಪಿಎಲ್‌ಗೆ ಬರೆಯಬೇಕು; ಶೇ 70 ಅಂಕ ಬಂದರೆ ತೇರ್ಗಡೆ. ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆಗೆ ಬೇಕಾದ ನೋಂದಣಿ ಸಂಖ್ಯೆ, ಪಡೆದು ಮಗಳು ಮನೆಯಲ್ಲಿದ್ದೇ ಇವುಗಳಿಗೆ ಓದಲು ಆರಂಭಿಸಬಹುದು. ಪರೀಕ್ಷೆಗಳನ್ನು ಮುಗಿಸಿ ಶಾಲೆ ಸೇರಿದವರ ಹಾರಾಟ ಮಧ್ಯದಲ್ಲಿ ಕಡಿದುಹೋಗುವುದು ಕಡಿಮೆ.

ಅಮೆರಿಕದಲ್ಲಿ ಹಾರಾಟ ವೇಗವಾಗಿ ಮುಗಿಯುವುದು ಹೌದು. ಆದರೆ ಅಲ್ಲಿನ ಲೈಸೆನ್ಸ್ ಹಿಡಿದು ಬಂದವರು ಇಲ್ಲಿ ಡಿಜಿಸಿಎ ಪರೀಕ್ಷೆ, ರೇಡಿಯೋ ಪರೀಕ್ಷೆ, ಕ್ಲಾಸ್ 1 ತಪಾಸಣೆ ಮುಗಿಸಿಯೇ ಭಾರತೀಯ ಲೈಸೆನ್ಸ್ ಪಡೆಯಬೇಕು. ಆ ತಿಂಗಳುಗಳನ್ನು ಏಜೆಂಟರು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಸ್ಥಿತಿಯಲ್ಲಿ ನಾನು 3 ಲಕ್ಷದ ರಿಯಾಯಿತಿಯನ್ನು ಬಿಟ್ಟು, ಮೊದಲು ಕ್ಲಾಸ್ 1 ಮಾಡಿಸಿ, ಮಳೆಗಾಲವನ್ನು ಓದಿಗೆ ಮೀಸಲಿಟ್ಟು, ಬೋಟುಗಳು ಕಡಲಿಗಿಳಿದ ನಂತರ ಎರಡು ಮೂರು ಶಾಲೆಗಳನ್ನು ಕಣ್ಣಾರೆ ಕಂಡುಬರುತ್ತಿದ್ದೆ.