ತಪ್ಪು ಸಾಲ ಕೊಟ್ಟವರದ್ದಾ, ಸರ್ಕಾರದ್ದಾ?

2022ರಲ್ಲಿ ಶ್ರೀಲಂಕಾ ದಿವಾಳಿಯಾಗಲು ಐಎಂಎಫ್ (ಕಷ್ಟದಲ್ಲಿರೋ ದೇಶಗಳಿಗೆ ಸಾಲ ಕೊಡೋ ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ಚೀನಾ ಕಾರಣ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮೊದಲ ಹೊಣೆ ಕೊಲಂಬೊದ ಸರ್ಕಾರದ್ದೇ. 2019ರ ಕೊನೆಯಲ್ಲಿ ಗೊಟಬಯ ರಾಜಪಕ್ಸ ಅಧ್ಯಕ್ಷರಾಗಿ ಬಂದ ಕೂಡಲೇ ವ್ಯಾಟ್ (ಸರಕು, ಸೇವೆಗಳ ಮೇಲಿನ ತೆರಿಗೆ) ಶೇ 15ರಿಂದ 8ಕ್ಕೆ ಇಳಿಯಿತು. ಖಜಾನೆಗೆ ಬರೋ ದುಡ್ಡು ಕುಸಿಯಿತು, ಆಮೇಲೆ ಕೋವಿಡ್ ಬಂದು ಪ್ರವಾಸಿಗರೂ ನಿಂತರು, ಅದು ಸಾಲದು ಅಂತ 2021ರಲ್ಲಿ ರಾಸಾಯನಿಕ ಗೊಬ್ಬರ ನಿಷೇಧಿಸಿ ಭತ್ತ, ಟೀ ಬೆಳೆಗಾರರ ಹೊಟ್ಟೆ ಮೇಲೆ ಹೊಡೆದರು. ಇದನ್ನೆಲ್ಲ ಐಎಂಎಫ್ ಹೇಳಿಕೊಟ್ಟಿರಲಿಲ್ಲ. 2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ರಾಜಪಕ್ಸ ಸೋದರರನ್ನು ಹೊಣೆ ಮಾಡಿತು.

ಹಾಗಂತ ಸಾಲ ಕೊಟ್ಟವರು ಸಾಚಾ ಅಂತಲ್ಲ. ಚೀನಾ ಹೆಸರು ಜಾಸ್ತಿ ಕೇಳುತ್ತದೆ, ಆದರೆ ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಮಾರುಕಟ್ಟೆಯ ಡಾಲರ್ ಬಾಂಡ್‌ಗಳದ್ದು, ಅಂದರೆ ಹೂಡಿಕೆದಾರರಿಗೆ ಸಾಲಪತ್ರ ಮಾರಿ ತಂದ ಡಾಲರ್ ಸಾಲದ್ದು. ಅಪಾಯ ಇದೆ ಅಂತಲೇ ಆ ಬಾಂಡ್ ಕೊಂಡವರು ಹೆಚ್ಚು ಬಡ್ಡಿ ತಿಂದರು. ಹಾಗಾದರೆ ಮುಳುಗಿದಾಗ ನಷ್ಟದಲ್ಲೂ ಪಾಲು ತಗೋಬೇಕಲ್ವಾ?

ಐಎಂಎಫ್ ಮೇಲಿನ ನನ್ನ ಸಿಟ್ಟು ಬೇರೆ. 2023ರಲ್ಲಿ ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿತು, ಅದೂ ಕಂತಿನಲ್ಲಿ, ಷರತ್ತು ಹಾಕಿ. ಕರೆಂಟ್ ಬಿಲ್ ಏರಿತು, 2024ಕ್ಕೆ ವ್ಯಾಟ್ ಶೇ 18 ಆಯಿತು. ಆ ಷರತ್ತಿಗೆ ತಕ್ಕಂತೆ ದೇಶದೊಳಗಿನ ಹಳೇ ಸಾಲದ ಹೊರೆ ಇಳಿಸುವಾಗಲಂತೂ ಸರ್ಕಾರ ಬ್ಯಾಂಕುಗಳನ್ನು ಬಿಟ್ಟು ಕೆಲಸಗಾರರ ಪಿಎಫ್ ದುಡ್ಡಿಗೆ ಕೈ ಹಾಕಿತು.