ನೆರೆ ಇಳಿದ ಮೇಲೆ ಮನೆ

ಪ್ರಶ್ನೆ: ಗಂಗಾವಳಿಯ ನೆರೆಗೆ ನಮ್ಮ ಮಣ್ಣಿನ ಗೋಡೆ ಕುಸಿದಿದೆ. ಕ್ರೈಸ್ತ ಸ್ವಯಂಸೇವಕರು ಬಡವರಿಗೆ ಮನೆ ಕಟ್ಟಿಕೊಡುತ್ತಾರಂತೆ, ಅನ್ಯಧರ್ಮೀಯರಿಗೂ ಕೊಡುತ್ತಾರೆಯೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಕೊಡುತ್ತಾರೆ. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಫುಲ್ಲರ್ ದಂಪತಿ ಕ್ರೈಸ್ತ ಶ್ರದ್ಧೆಯಿಂದ ಆರಂಭಿಸಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯು ಜಾತಿ ಧರ್ಮ ನೋಡದೆ, ಮನೆ ಪಡೆಯುವ ಕುಟುಂಬವನ್ನೂ ಕಲ್ಲು ಹೊರುವ, ಗಾರೆ ಕಲಸುವ ಕೆಲಸದಲ್ಲಿ ಜೊತೆಗೂಡಿಸಿಕೊಂಡು ಕಟ್ಟುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿಯೂ ಹಾಗೆಯೇ ಕಟ್ಟಿತು. ಪಡೆಯುವವರು ತಲೆತಗ್ಗಿಸಬೇಕಿಲ್ಲದ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಗಿದೆ.

ಯಾರೇ ಕಟ್ಟಿಕೊಡಲಿ, ಉಳಿದ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ತೊಳೆಯುವ ಮೊದಲು ಅದರ ಎತ್ತರ ಅಳೆದಿಟ್ಟುಕೊಳ್ಳಿರಿ. ಹೊಸ ಮನೆಯ ಪಂಚಾಂಗ (ಗೋಡೆ ಏಳುವ ಬುಡದ ಕಟ್ಟೆ) ಅದಕ್ಕಿಂತ ಮೇಲಿರಬೇಕು, ಬುಡದ ಸಾಲುಗಳು ಚಿರೇಕಲ್ಲಿನವಾಗಿರಬೇಕು. ಸರಕಾರಿ ಪರಿಹಾರಕ್ಕಾಗಿ ಗ್ರಾಮ ಆಡಳಿತ ಅಧಿಕಾರಿಯಿಂದ (ಹಿಂದಿನ ಹೆಸರು ಗ್ರಾಮಲೆಕ್ಕಿಗ) ಹಾನಿಯ ಪರಿಶೀಲನೆಯನ್ನೂ ಈಗಲೇ ಮಾಡಿಸಿರಿ.