ಜಾದೂಗಾರರ ಫ್ಲ್ಯಾಶ್ ಪೇಪರ್ ಬೂದಿಯನ್ನೇ ಉಳಿಸದೆ ಉರಿಯುವುದು ಹೇಗೆ?

ಕಾಗದಕ್ಕೆ ಯಾವ ಪುಡಿ ಸವರಿರುತ್ತಾರೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ರಸಾಯನಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಅದರ ಮೇಲೆ ಸವರಿದ್ದು ಏನೂ ಇಲ್ಲ. ಕಾಗದವೇ ಬೇರೊಂದು ವಸ್ತುವಾಗಿರುತ್ತದೆ.

ಕಾಗದದ ನಾರು ಸೆಲ್ಯುಲೋಸ್, ಎಂದರೆ ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಳಿ. ಪ್ರತಿ ಘಟಕದಲ್ಲಿಯೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿದ್ದು (ಆಮ್ಲಜನಕ, ಜಲಜನಕಗಳ ಜೋಡಿಗಳು), ನೈಟ್ರಿಕ್ ಆಮ್ಲದೊಡನೆ ಅವು ವರ್ತಿಸಿ ಸಾರಜನಕ, ಆಮ್ಲಜನಕಗಳಿರುವ ನೈಟ್ರೇಟ್ ಗುಂಪುಗಳಾದಾಗ ಸಿಗುವುದೇ ನೈಟ್ರೋಸೆಲ್ಯುಲೋಸ್. ನೋಟಕ್ಕೆ ಹಾಳೆ ಹಾಗೆಯೇ ಇರುತ್ತದೆ, ಆದರೆ ಉರಿಯಲು ಬೇಕಾದ ಆಮ್ಲಜನಕದ ಬಹುಪಾಲು, ಬುತ್ತಿ ಕಟ್ಟಿಕೊಂಡು ಹೊರಟವರಂತೆ, ಅದರೊಳಗೇ ಇರುತ್ತದೆ. ಮೂರೂ ಗುಂಪುಗಳು ಬದಲಾದ ಘಟಕದಲ್ಲಿ 6 ಇಂಗಾಲದ ಪರಮಾಣುಗಳಿಗೆ 11 ಆಮ್ಲಜನಕದ ಪರಮಾಣುಗಳಿವೆ. ಇಂಗಾಲವನ್ನೆಲ್ಲ ಕಾರ್ಬನ್ ಡೈಆಕ್ಸೈಡ್ ಮಾಡಲು ಇದು ಸಾಲದು. ಆದರೂ ಒಂದಷ್ಟನ್ನು ಕಾರ್ಬನ್ ಮೊನಾಕ್ಸೈಡ್ ಆಗಿ, ಉಳಿದುದನ್ನು ಡೈಆಕ್ಸೈಡ್ ಆಗಿ, ಜಲಜನಕವನ್ನು ನೀರಾವಿಯಾಗಿ ಹೊರಕ್ಕೆ ಕಳಿಸಲು ಸಾಕಾಗುತ್ತದೆ. ಸಾರಜನಕವೂ ಅನಿಲವಾಗಿಯೇ ಹೋಗುವುದರಿಂದ ಇದ್ದಿಲಾಗಿ ಉಳಿಯಲು ಏನೂ ಇರುವುದಿಲ್ಲ. ಬರೆಯುವ ಕಾಗದದ ಬೂದಿಯಲ್ಲಿ ಸುಣ್ಣದ ಕಾರ್ಬನೇಟ್, ಜೇಡಿಯಂತಹ ಖನಿಜಗಳ ಪಾಲೂ ಇರುವುದರಿಂದ, ಇದಕ್ಕೆ ಅಂತಹ ಬೆರಕೆಯಿಲ್ಲದ ತೆಳು ಹಾಳೆಯನ್ನೇ ಆರಿಸುತ್ತಾರೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರಸಾಯನಶಾಸ್ತ್ರಜ್ಞ ಕ್ರಿಸ್ಟಿಯಾನ್ ಶೋನ್‌ಬೈನ್ 1846ರಲ್ಲಿ ಹತ್ತಿಯಿಂದ ನೈಟ್ರೋಸೆಲ್ಯುಲೋಸ್ ತಯಾರಿಸಿ ಲೋಕಕ್ಕೆ ಪರಿಚಯಿಸಿದರು. ಮರುವರ್ಷವೇ ಇದನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಫೇವರ್‌ಶ್ಯಾಮ್‌ನ ಕಾರ್ಖಾನೆ ಸಿಡಿದು ಹಲವರು ಸತ್ತರು. ಇಂತಹ ಅನಾಹುತಗಳ ಬೇರು ನಾರಿನ ಒಳಗೆ ತೊಳೆಯಲಾಗದೆ ಉಳಿದ ಆಮ್ಲ: ಅದು ನೈಟ್ರೇಟ್ ಬಂಧಗಳನ್ನು ಮೆಲ್ಲಗೆ ಮುರಿಯುತ್ತದೆ, ಆಗ ಹೊಮ್ಮುವ ಅನಿಲಗಳು ಇನ್ನಷ್ಟು ಆಮ್ಲ ಹುಟ್ಟಿಸುತ್ತವೆ, ವೇಗ ಹೆಚ್ಚುತ್ತಾ ಶಾಖವೇರಿ ಕೊನೆಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾರನ್ನು ನುಣ್ಣಗೆ ಅರೆದು ಮತ್ತೆ ಮತ್ತೆ ತೊಳೆಯುವ ಕ್ರಮವನ್ನು ಬ್ರಿಟಿಷ್ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬಲ್ 1865ರಲ್ಲಿ ತಂದ ಮೇಲೆಯೇ ಇದನ್ನು ನೆಚ್ಚಿಕೊಳ್ಳುವ ಸ್ಥಿತಿ ಬಂದದ್ದು. ಹಳೆಯ ಸಿನಿಮಾ ರೀಲುಗಳೂ ಇದೇ ವಸ್ತುವಿನವು; 2003ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಸೇರಿದ ಅನೇಕ ನೈಟ್ರೇಟ್ ರೀಲುಗಳು ಬೆಂಕಿಗೆ ಆಹುತಿಯಾದವು.

ಆದ್ದರಿಂದ ಮನೆಯಲ್ಲಿ ಮಾಡುವ ವಿಧಾನವನ್ನು ನಾನು ಬರೆಯುವುದಿಲ್ಲ. ಸಾಂದ್ರ ಆಮ್ಲಗಳ ಅಪಾಯ ಎಲ್ಲರಿಗೂ ಗೊತ್ತೇ ಇದೆ. ನನ್ನ ಹೆಚ್ಚಿನ ಆತಂಕ ಸರಿಯಾಗಿ ತೊಳೆಯದೆ ಪೆಟ್ಟಿಗೆಯಲ್ಲಿಟ್ಟು ಮರೆತ ಹಾಳೆಗಳದ್ದು. ಪ್ರದರ್ಶನಕ್ಕೆ ಬೇಕಿದ್ದರೆ ಕೊಂಡದ್ದನ್ನೇ ಬಳಸಿ. ಅದನ್ನು ಸಾಮಾನ್ಯವಾಗಿ ಒದ್ದೆಯಾಗಿಯೇ ಕಳಿಸುತ್ತಾರೆ. ಬಳಸುವಷ್ಟು ತುಂಡನ್ನು ಮಾತ್ರ ಬಿಸಿಲು, ಹೀಟರುಗಳ ಹತ್ತಿರ ಇಡದೆ ಗಾಳಿಯಲ್ಲಿ ಒಣಗಿಸಿ. ಒಣಗಿದ್ದನ್ನು ಬಿಗಿಯಾದ ಡಬ್ಬಿಯಲ್ಲಿ ತುಂಬಿಡಬೇಡಿ, ಏಕೆಂದರೆ ಬಯಲಿನಲ್ಲಿ ಬರಿಯ ಜ್ವಾಲೆಯಾಗುವುದು ಮುಚ್ಚಿದ ಜಾಗದಲ್ಲಿ ಅನಿಲದ ಒತ್ತಡ ಏರಿ ಸ್ಫೋಟವಾಗಬಲ್ಲದು. ಹಾಳೆ ಹಳದಿಗೆ ತಿರುಗಿದ್ದರೆ ಅಥವಾ ಆಮ್ಲದ ಕಟುವಾಸನೆ ಬಂದರೆ ಬಳಸದೆ ನೀರಿನಲ್ಲಿ ನೆನೆಸಿಡಿ.